ಸೊಪ್ಪಿನಬೆಟ್ಟದಲ್ಲಿ ಕಾಳಿಂಗದ ಗೂಡು: ನಿವೃತ್ತಿಯ ದಿನಗಳಲ್ಲಿ ಕಾಡುಜೀವಿಗಳು ಎದುರಾದವರು ಸಲಹೆ ಕೊಡಿ

ಚರ್ಚೆ ಆರಂಭಿಸಿದವರು: ನಿವೃತ್ತ ಬ್ಯಾಂಕ್ ನೌಕರ, ತೀರ್ಥಹಳ್ಳಿ ತಾಲೂಕು
(ಮೇ ಮೊದಲ ವಾರ)

ಮಾನ್ಯರೇ,

ಬ್ಯಾಂಕಿನಲ್ಲಿ 34 ವರ್ಷ ದುಡಿದು, ಬಳ್ಳಾರಿ, ಹುಬ್ಬಳ್ಳಿ, ಮುಂಬಯಿ ಎಂದು ವರ್ಗವಾದಲ್ಲೆಲ್ಲ ಬಾಡಿಗೆ ಮನೆ ಹಿಡಿದು ಬಾಳಿದ ನಾನು ಮೂರು ವರ್ಷಗಳ ಹಿಂದೆ ಪತ್ನಿಯೊಂದಿಗೆ ಹಿರಿಯರ ಮನೆಗೆ ಮರಳಿದೆ. ಒಂದೂವರೆ ಎಕರೆ ಅಡಿಕೆ ತೋಟ, ಅದಕ್ಕೆ ಸೇರಿದ, ಸೊಪ್ಪು ದರಗು ತರುವ ಸೊಪ್ಪಿನಬೆಟ್ಟ, ಕೊಟ್ಟಿಗೆಯಲ್ಲಿ ಎರಡು ಮಲೆನಾಡು ಗಿಡ್ಡ ಹಸುಗಳು. ಇಷ್ಟರಲ್ಲಿ ಉಳಿದ ದಿನಗಳನ್ನು ಗದ್ದಲವಿಲ್ಲದೆ ಕಳೆಯಬೇಕೆಂಬುದು ನಮ್ಮಿಬ್ಬರ ಎಣಿಕೆಯಾಗಿತ್ತು.

ಕಳೆದ ವಾರ ಭರಣಿ ಮಳೆಯ ಮೊದಲ ಹನಿಗಳು ಬಿದ್ದ ಮರುದಿನ ಬೆಳಿಗ್ಗೆ, ಅಬ್ಬಿಯ ನೀರಿನ ಪೈಪು ಕಟ್ಟಿಕೊಂಡಿದೆಯೆಂದು ಬೆಟ್ಟ ಹತ್ತಿ ಹೋಗಿದ್ದೆ. ಬಿದಿರು ಮೆಳೆಯ ಬುಡದಲ್ಲಿ ಒಂದು ದೊಡ್ಡ ಹೆಡಿಗೆಯಷ್ಟು ದರಗು, ಅಂದರೆ ಉದುರಿದ ಒಣ ಎಲೆ, ರಾಶಿಯಾಗಿ ಬಿದ್ದಿತ್ತು. ಕೆಲಸದವರು ಗುಡಿಸಿ ಬಿಟ್ಟುಹೋಗಿದ್ದಾರೆ ಎಂದುಕೊಂಡು ಹತ್ತಿರ ಹೋಗುವಷ್ಟರಲ್ಲಿ, ರಾಶಿಯ ಪಕ್ಕದ ಒಣ ಎಲೆಗಳು ತಾವಾಗಿಯೇ ಸರಿದಂತೆ ಕಂಡಿತು. ಕಣ್ಣು ಹೊಂದಿಕೊಂಡಾಗ ತಿಳಿಯಿತು, ಸರಿಯುತ್ತಿದ್ದದ್ದು ಎಲೆಯಲ್ಲ. ಹತ್ತು ಅಡಿಗಿಂತ ಕಡಿಮೆಯಿಲ್ಲದ ಒಂದು ಕಾಳಿಂಗ ಸರ್ಪ ತನ್ನ ಮೈಯನ್ನು ಕೊಕ್ಕೆಯಂತೆ ಬಗ್ಗಿಸಿ, ಅದರೊಳಗೆ ಎಲೆಗಳನ್ನು ಸಿಕ್ಕಿಸಿಕೊಂಡು ರಾಶಿಯ ಕಡೆಗೆ ಎಳೆಯುತ್ತಿತ್ತು. ಕೈಯಿಲ್ಲದ ಜೀವಿಯೊಂದು ಇಷ್ಟು ಅಚ್ಚುಕಟ್ಟಾಗಿ ಗುಡಿಸುವುದನ್ನು ನಾನು ಊಹಿಸಿಯೂ ಇರಲಿಲ್ಲ. ನನ್ನ ಕಾಲಡಿಯಲ್ಲಿ ಕಡ್ಡಿ ಮುರಿದ ಸದ್ದಿಗೆ ಅದು ತಲೆಯೆತ್ತಿತು. ನನ್ನ ಎದೆಯ ಮಟ್ಟಕ್ಕೆ ಎದ್ದು ನಿಂತು, ನಾಯಿ ಗುರುಗುಟ್ಟುವಂಥ ತಗ್ಗಿದ ದನಿಯಲ್ಲಿ ಉಸಿರು ಬಿಟ್ಟಿತು. ನಾನು ಬೆನ್ನು ತಿರುಗಿಸದೆ ಒಂದೊಂದೇ ಹೆಜ್ಜೆ ಹಿಂದಕ್ಕೆ ಸರಿದೆ. ಅದು ಬೆನ್ನಟ್ಟಲಿಲ್ಲ, ನಾನು ಇಪ್ಪತ್ತು ಹೆಜ್ಜೆ ದೂರವಾದ ಮೇಲೆ ಹೆಡೆ ಇಳಿಸಿ ಮತ್ತೆ ತನ್ನ ಕೆಲಸಕ್ಕೆ ತೊಡಗಿತು.

ಮನೆಗೆ ಬಂದು ಓದಿದಾಗ, ಹಾವುಗಳಲ್ಲೆಲ್ಲ ಎಲೆ ಒಟ್ಟಿ ಗೂಡು ಕಟ್ಟುವುದು ಕಾಳಿಂಗ ಒಂದೇ ಎಂದು ತಿಳಿಯಿತು. ಸಾಮಾನ್ಯವಾಗಿ 20ರಿಂದ 40 ಮೊಟ್ಟೆಗಳನ್ನಿಟ್ಟು, ಮೇಲೆ ಮತ್ತೊಂದು ಪದರ ಎಲೆ ಹೊದಿಸಿ, ಅದರ ಮೇಲೆ ತಾನು ಸುತ್ತಿಕೊಂಡು ಕಾವಲು ಕೂರುತ್ತದೆ. ಮೊಟ್ಟೆಯೊಡೆಯಲು ಸುಮಾರು ಮೂರು ತಿಂಗಳು ಬೇಕು. ಪಶ್ಚಿಮ ಘಟ್ಟದ ಕಾಳಿಂಗ ಪ್ರತ್ಯೇಕ ಪ್ರಭೇದವೆಂದು 2024ರಲ್ಲಿ ವಿಜ್ಞಾನಿಗಳು ಗುರುತಿಸಿ, ಅದಕ್ಕೆ ಓಫಿಯೊಫೇಗಸ್ ಕಾಳಿಂಗ ಎಂದು ನಮ್ಮ ಕನ್ನಡದ ಹೆಸರನ್ನೇ ಇಟ್ಟಿದ್ದಾರೆಂಬುದನ್ನು ಓದಿ, ನಮ್ಮ ಬೆಟ್ಟದ ಆ ತಾಯಿಯ ಬಗ್ಗೆ ಒಂದು ಬಗೆಯ ಅಭಿಮಾನವೂ ಹುಟ್ಟಿತು.

ತೊಡಕು ಇರುವುದು ಇಲ್ಲಿ. ಆ ಮೆಳೆಯಿಂದ ಹದಿನೈದು ಮಾರು ದೂರದಲ್ಲಿ ತೋಟಕ್ಕೆ ಇಳಿಯುವ ಕಾಲುದಾರಿಯಿದೆ. ಮಳೆಗಾಲ ಹಿಡಿಯುವ ಮುಂಚೆ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವೆಂಬ ಔಷಧಿ ಹೊಡೆಸಬೇಕು, ಕೊಟ್ಟಿಗೆಗೆ ದರಗು ತರಬೇಕು. ಸುದ್ದಿ ಹರಡಿದ ಮೇಲೆ ಅಡಿಕೆ ಮರ ಹತ್ತುವ ಕೊನೆಗೌಡರು ಬರಲು ಹಿಂಜರಿಯುತ್ತಿದ್ದಾರೆ. ನೆರೆಯವರು ಗೂಡನ್ನು ತೆಗೆಸಿ ಎನ್ನುತ್ತಾರೆ. ನನ್ನ ತಾಯಿಯ ಕಾಲದಿಂದ ನಮ್ಮಲ್ಲಿ ದುಡಿಯುತ್ತಿರುವ ಹಿರಿಯ ಹೆಂಗಸು ಮಾತ್ರ, "ಅದು ಬಾಣಂತಿ ಅಯ್ಯಾ, ಮಾತಾಡಿಸಬೇಡಿ" ಎಂದಳು. ಇಂಥ ಸಂದರ್ಭ ಎದುರಿಸಿದವರು, ವಿಶೇಷವಾಗಿ ನನ್ನಂತೆ ನಿವೃತ್ತರಾಗಿ ಊರು ಸೇರಿದವರು, ಏನು ಮಾಡಿದಿರೆಂದು ತಿಳಿಸಬೇಕೆಂದು ಕೋರುತ್ತೇನೆ.


ಉತ್ತರ: ಕೃಷಿಕ, ಸಾಗರ ತಾಲೂಕು

ರಾಯರೇ, ನಿಮ್ಮ ಬರಹ ಚೆನ್ನಾಗಿದೆ, ಆದರೆ ಒಂದು ಮಾತನ್ನು ನೇರವಾಗಿ ಹೇಳುತ್ತೇನೆ, ಬೇಸರಿಸಬೇಡಿ. ಪಿಂಚಣಿ ಬರುವವರಿಗೆ ಕಾಡುಪ್ರಾಣಿ ಕಂಡರೆ ಅದು ಅನುಭವವಾಗುತ್ತದೆ. ತೋಟವನ್ನೇ ನಂಬಿದವರಿಗೆ ಅದು ಲೆಕ್ಕದ ಪುಸ್ತಕದಲ್ಲಿ ಖರ್ಚಾಗಿ ಬೀಳುತ್ತದೆ. ನಮ್ಮಲ್ಲಿ ಮಂಗಗಳು ಎಳೆ ಅಡಿಕೆಯನ್ನು ಕಿತ್ತು ಚೀಪಿ ಎಸೆಯುತ್ತವೆ, ಬಾಳೆಗೊನೆಯನ್ನು ಬಲಿಯಲು ಬಿಡುವುದಿಲ್ಲ. ಕಾಡುಹಂದಿ ಒಂದು ರಾತ್ರಿ ಗದ್ದೆಗೆ ಇಳಿದರೆ ಆ ವರ್ಷದ ಊಟದ ಅಕ್ಕಿ ಹೋಯಿತೆಂದೇ ಲೆಕ್ಕ. ಅಡಿಕೆ ಮರ ಹತ್ತುವ ಕೊನೆಗೌಡ ಈಗಲೇ ಸಿಗುತ್ತಿಲ್ಲ. ಸಿಕ್ಕ ಒಬ್ಬನೂ ಕಾಳಿಂಗದ ಹೆದರಿಕೆಯಿಂದ ಬಾರದೆ, ಔಷಧಿ ಹೊಡೆಯುವುದು ಹದಿನೈದು ದಿನ ತಡವಾಗಿ, ಕೊಳೆ ಹಿಡಿದರೆ ನಿಮ್ಮ ಇಡೀ ಫಸಲು ಉದುರುತ್ತದೆ. ಮೊಟ್ಟೆಯನ್ನು ನಾಶಮಾಡಿ ಎಂದು ನಾನು ಹೇಳುವುದಿಲ್ಲ, ಕಾಳಿಂಗವನ್ನು ಕೊಂದವರನ್ನು ನಾನು ಯಾವತ್ತೂ ಒಪ್ಪಿಲ್ಲ. ಹಿಡಿಯಲು ಬಲ್ಲವರನ್ನು ಕರೆಸಿ, ತಾಯಿಯನ್ನೂ ಮೊಟ್ಟೆಗಳನ್ನೂ ಒಳಗಿನ ಕಾಡಿಗೆ ಸಾಗಿಸಿ ಎನ್ನುವುದಷ್ಟೇ ನನ್ನ ಸಲಹೆ.


ಉತ್ತರ: ನಿವೃತ್ತ ವೈದ್ಯೆ, ಶಿವಮೊಗ್ಗ

ಗೂಡಿನ ವಿಷಯವನ್ನು ಬಲ್ಲವರು ಹೇಳಲಿ. ನಾನು ಆರೋಗ್ಯದ ಬಗ್ಗೆ ಎರಡು ಮಾತು ಬರೆಯುತ್ತೇನೆ, ಏಕೆಂದರೆ ಊರಿಗೆ ಮರಳುವ ಹಿರಿಯರು ಮನೆಯ ಹೆಂಚು ಬದಲಿಸುವಷ್ಟು ಕಾಳಜಿಯಿಂದ ಇದನ್ನು ಯೋಚಿಸುವುದಿಲ್ಲ.

ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಸಿಗುವ ಹಾವಿನ ವಿಷನಿರೋಧಕ ಔಷಧಿ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸ ಮಂಡಲ ಎಂಬ ನಾಲ್ಕು ಹಾವುಗಳ ವಿಷದಿಂದ ತಯಾರಾದದ್ದು. ಕಾಳಿಂಗ ಆ ಪಟ್ಟಿಯಲ್ಲಿಲ್ಲ. ಕಾಳಿಂಗ ಮನುಷ್ಯರನ್ನು ಕಚ್ಚುವುದು ಬಹಳ ಅಪರೂಪ, ಅದು ತಾನಾಗಿ ಹುಡುಕಿಕೊಂಡು ಬರುವ ಹಾವಲ್ಲ. ಆದರೂ ಗೂಡಿನ ಮೇಲೆ ಕುಳಿತ ತಾಯಿಯ ಹತ್ತಿರ ಮೊಬೈಲು ಹಿಡಿದು ಹೋಗುವ ಸಾಹಸವನ್ನು ಯಾರೂ ಮಾಡಬಾರದು. ಯಾವ ಹಾವು ಕಚ್ಚಿದರೂ ಬಿಗಿಯಾಗಿ ಕಟ್ಟು ಹಾಕುವುದು, ಕೊಯ್ಯುವುದು, ಬಾಯಿಯಿಂದ ಹೀರುವುದು ಇವೆಲ್ಲ ಅಪಾಯಕಾರಿ. ಕಚ್ಚಿಸಿಕೊಂಡ ಅಂಗವನ್ನು ಅಲುಗಾಡಿಸದೆ, ಉಂಗುರ ಬಳೆಗಳನ್ನು ತೆಗೆದು, 108ಕ್ಕೆ ಕರೆ ಮಾಡಿ ಅಥವಾ ಸಿಕ್ಕ ವಾಹನದಲ್ಲಿ ಆಸ್ಪತ್ರೆಗೆ ಹೋಗಬೇಕು. ನಿಮ್ಮ ಮನೆಗೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಈ ಔಷಧಿಯ ದಾಸ್ತಾನು ಇರುತ್ತದೆ ಎಂಬುದನ್ನು ಇಂದೇ ವಿಚಾರಿಸಿ ಗೋಡೆಯ ಮೇಲೆ ಬರೆದಿಡಿ. ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಯೆಂದು 2024ರಲ್ಲಿ ಘೋಷಿಸಿದ ರಾಜ್ಯ ನಮ್ಮದು. ಹಾಗಾಗಿ ಪ್ರಕರಣಗಳ ಲೆಕ್ಕ ಇನ್ನು ಮುಂದೆ ಸರಿಯಾಗಿ ಸಿಕ್ಕೀತೆಂಬ ಭರವಸೆ ನನಗಿದೆ.

ಎರಡನೆಯದು ದರಗಿನ ವಿಷಯ, ನನ್ನ ದೃಷ್ಟಿಯಲ್ಲಿ ಇದು ಹಾವಿಗಿಂತ ಹೆಚ್ಚು ಗಮನ ಬೇಡುವಂಥದ್ದು. ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆಯನ್ನು ಹರಡುವ ಉಣುಗುಗಳು ಇರುವುದು ಇದೇ ಒಣ ಎಲೆಗಳ ನಡುವೆ. ಡಿಸೆಂಬರಿನಿಂದ ಮೇವರೆಗೆ ಅವುಗಳ ಕಾಟ ಹೆಚ್ಚು. ಸಾಗರ ತಾಲೂಕಿನ ಅರಳಗೋಡಿನಲ್ಲಿ 2019ರಲ್ಲಿ ಈ ಕಾಯಿಲೆ ಹಬ್ಬಿದ್ದನ್ನು ನಮ್ಮ ಜಿಲ್ಲೆಯವರು ಯಾರೂ ಮರೆತಿರಲಾರರು. ಮುಸುವವೋ ಮಂಗವೋ ಸತ್ತು ಬಿದ್ದದ್ದು ಕಂಡರೆ ಮುಟ್ಟಬೇಡಿ, ಹೂಳಲೂ ಹೋಗಬೇಡಿ, ಆರೋಗ್ಯ ಇಲಾಖೆಗೆ ತಿಳಿಸಿ. ಬೆಟ್ಟಕ್ಕೆ ಹೋಗುವಾಗ ಮೈ ಮುಚ್ಚುವ ಬಟ್ಟೆ ತೊಟ್ಟು, ಇಲಾಖೆ ಕೊಡುವ ಎಣ್ಣೆಯನ್ನು ಕೈಕಾಲುಗಳಿಗೆ ಹಚ್ಚಿಕೊಳ್ಳಿ, ಹಿಂದಿರುಗಿದ ಕೂಡಲೇ ಬಿಸಿನೀರಿನಲ್ಲಿ ಸ್ನಾನ ಮಾಡಿ ಬಟ್ಟೆ ತೊಳೆಯಿರಿ. ಕೆಲಸದ ಆ ಹಿರಿಯ ಹೆಂಗಸಿಗೂ ಎಣ್ಣೆ ಕೊಡುವುದನ್ನು ಮರೆಯಬೇಡಿ. ದರಗು ಗುಡಿಸುವವರು ಅವರೇ ಅಲ್ಲವೇ?


ಉತ್ತರ: ನಿವೃತ್ತ ಶಿಕ್ಷಕ, ತುಮಕೂರು ಜಿಲ್ಲೆ

ನಮ್ಮದು ಮಳೆ ಕಡಿಮೆಯಿರುವ ಬಯಲು ಸೀಮೆ. ಇಲ್ಲಿ ಕಾಳಿಂಗವಿಲ್ಲ, ಕಾಡೂ ಇಲ್ಲ ಎಂದೇ ನಾನು ನಿವೃತ್ತನಾಗುವವರೆಗೂ ತಿಳಿದಿದ್ದೆ. ನಿದ್ದೆ ಬಾರದ ಒಂದು ರಾತ್ರಿ ಅಂಗಳದಲ್ಲಿ ಕುಳಿತಿದ್ದಾಗ, ಹೊಲದ ಬೇಲಿಯ ಜಾಲಿ ಮರದಿಂದ ಸಣ್ಣ ಸಿಳ್ಳೆಯಂಥ ಕೂಗು ಕೇಳಿತು. ಟಾರ್ಚು ಬಿಟ್ಟಾಗ ಎರಡು ದುಂಡು ಕೆಂಡಗಳು ಹೊಳೆದವು. ಅಂಗೈಯಲ್ಲಿ ಹಿಡಿಸುವಷ್ಟು ಸಣ್ಣ ಮೈ, ಕಡ್ಡಿಯಂಥ ಕೈಕಾಲು, ಮುಖದ ತುಂಬ ಕಣ್ಣು. ಅದು ಕಾಡುಪಾಪ. ಮುನ್ನೂರು ಗ್ರಾಮಿನ ಆಸುಪಾಸಿನ ಈ ಪ್ರಾಣಿ, ಮನುಷ್ಯನ ದೂರದ ನೆಂಟ, ನಾನು ಮಕ್ಕಳಿಗೆ ಪಾಠ ಹೇಳಿದ ಅಷ್ಟೂ ವರ್ಷ ನನ್ನ ಬೇಲಿಯಲ್ಲೇ ಬದುಕಿತ್ತು. ನಮ್ಮ ಜಿಲ್ಲೆಯ ನಾಗವಲ್ಲಿಯ ಸುತ್ತಮುತ್ತ ಅವು ಇರುವುದು ತಿಳಿದವರಿಗೆ ಗೊತ್ತಿದ್ದ ವಿಷಯವೇ ಆಗಿತ್ತು, ಗೊತ್ತಿರದವನು ನಾನು.

ಆಮೇಲಿನ ಐದು ವರ್ಷಗಳಲ್ಲಿ ಟಾರ್ಚಿನ ಗಾಜಿಗೆ ಕೆಂಪು ಕಾಗದ ಅಂಟಿಸಿಕೊಂಡು, ಅದರ ಕಣ್ಣಿಗೆ ನೋವಾಗದಂತೆ ನೋಡುವುದನ್ನು ಕಲಿತೆ. ಅದು ಜಿಗಿಯಲಾರದು; ಕೊಂಬೆಯಿಂದ ಕೊಂಬೆಗೆ ಹಿಡಿದುಕೊಂಡೇ ಸಾಗಬೇಕು. ಹುಳುಹುಪ್ಪಟೆ, ಮರದ ಅಂಟು ಅದರ ಆಹಾರ. ಜೀವಂತ ಬೇಲಿಯನ್ನು ಕಡಿದು ಕಲ್ಲುಕಂಬ ನೆಟ್ಟು ತಂತಿ ಎಳೆದರೆ ಅದರ ರಸ್ತೆಯನ್ನೇ ಕಿತ್ತಂತೆ. ನನ್ನ ಮಗ ತಂತಿ ಬೇಲಿ ಹಾಕಿಸೋಣ ಎಂದು ಹಟ ಹಿಡಿದಿದ್ದ. ಒಂದು ರಾತ್ರಿ ಅವನನ್ನೂ ಎಬ್ಬಿಸಿ ತೋರಿಸಿದೆ. ತಾಯಿಯ ಹೊಟ್ಟೆಗೆ ಅಂಟಿಕೊಂಡ ಮರಿಯನ್ನು ಕಂಡ ಮೇಲೆ ಅವನು ಬೇಲಿಯ ಮಾತು ಎತ್ತಲಿಲ್ಲ. ಮಾಟಮಂತ್ರಕ್ಕೆಂದು ಈ ಪ್ರಾಣಿಯನ್ನು ಹಿಡಿಯುವವರು ಇನ್ನೂ ಇರುವುದರಿಂದ ನನ್ನ ಹೊಲ ಎಲ್ಲಿದೆಯೆಂದು ಇಲ್ಲಿ ಬರೆಯುವುದಿಲ್ಲ. ನೀವೂ ಗೂಡಿನ ಚಿತ್ರವನ್ನು ಸ್ಥಳದ ವಿವರದೊಂದಿಗೆ ಎಲ್ಲಿಯೂ ಹಾಕಬೇಡಿ, ರಾಯರೇ.


ಉತ್ತರ: ಮೈಸೂರಿನಿಂದ, ನಿವೃತ್ತ ಇಂಜಿನಿಯರ್

ಸಾಗರದ ಕೃಷಿಕರು ಸಾಗಿಸಿ ಎಂದಿದ್ದಾರೆ. ಅವರ ಕಷ್ಟ ನನಗೆ ಅರ್ಥವಾಗುತ್ತದೆ, ಆದರೆ ಸಾಗಿಸುವುದರ ಬಗ್ಗೆ ನನ್ನ ಅಭಿಪ್ರಾಯ ಬೇರೆ.

ನಮ್ಮ ಮನೆ ಚಾಮುಂಡಿ ಬೆಟ್ಟದ ಮಗ್ಗುಲಿನ ಬಡಾವಣೆಯಲ್ಲಿದೆ. ಎರಡು ವರ್ಷಗಳ ಹಿಂದೆ ನಮ್ಮ ಮನೆಯ ಕ್ಯಾಮೆರಾದಲ್ಲಿ, ರಾತ್ರಿ ಎರಡರ ಹೊತ್ತಿಗೆ ಒಂದು ಚಿರತೆ ಕಾಂಪೌಂಡು ಗೋಡೆಯ ಮೇಲೆ ನಡೆದು, ನನ್ನ ಪತ್ನಿಯ ತುಳಸಿಕಟ್ಟೆಯ ಪಕ್ಕ ಇಳಿದು, ಅಷ್ಟೇ ನಿಧಾನವಾಗಿ ಆಚೆಗೆ ಹೋದದ್ದು ದಾಖಲಾಗಿತ್ತು. ಬಡಾವಣೆಯವರೆಲ್ಲ ಸೇರಿ ಬೋನು ಇಡಿಸಿ ಎಂದರು. ನಾನೂ ಅರ್ಜಿಗೆ ಸಹಿ ಹಾಕಿದವನೇ. ಆ ಬಳಿಕ ಓದಿದ ಒಂದು ಸಂಗತಿ ನನ್ನ ಮನಸ್ಸನ್ನು ಬದಲಿಸಿತು. ಮಹಾರಾಷ್ಟ್ರದ ಜುನ್ನರ್ ಪ್ರದೇಶದಲ್ಲಿ 2001ರಿಂದ 2003ರ ಸುಮಾರಿಗೆ ಕಬ್ಬಿನ ಗದ್ದೆಗಳಿಂದ ಬಹಳ ಚಿರತೆಗಳನ್ನು ಹಿಡಿದು ದೂರದ ಕಾಡುಗಳಲ್ಲಿ ಬಿಟ್ಟರು. ಅದರ ನಂತರ ಮನುಷ್ಯರ ಮೇಲಿನ ದಾಳಿಗಳು ಕಡಿಮೆಯಾಗುವ ಬದಲು ಹೆಚ್ಚಿದವೆಂದು ಅಲ್ಲಿ ಅಧ್ಯಯನ ಮಾಡಿದ ವಿದ್ಯಾ ಅತ್ರೇಯ ಮತ್ತು ಸಂಗಡಿಗರು ದಾಖಲಿಸಿದ್ದಾರೆ. ಪರಿಚಿತ ಜಾಗವನ್ನು ಕಳೆದುಕೊಂಡ ಪ್ರಾಣಿ ಹೊಸ ಜಾಗದಲ್ಲಿ ದಿಕ್ಕುಗೆಟ್ಟು ಅಲೆಯುತ್ತದೆ, ಖಾಲಿಯಾದ ಜಾಗಕ್ಕೆ ಮತ್ತೊಂದು ಬಂದು ಸೇರುತ್ತದೆ. ಕರ್ನಾಟಕದಲ್ಲಿ 2022ರ ಅಂದಾಜಿನಂತೆ 1,879 ಚಿರತೆಗಳಿವೆ. ಇಷ್ಟನ್ನೂ ಬೋನಿನಲ್ಲಿ ಹೊತ್ತು ಬಿಟ್ಟುಬರಲು ಕಾಡು ಯಾವುದು?

ನಾವು ಮಾಡಿದ್ದು ಇಷ್ಟು: ಖಾಲಿ ನಿವೇಶನಗಳ ಪೊದೆ ತೆಗೆಸಿದೆವು, ಕೋಳಿ ಅಂಗಡಿಯ ತ್ಯಾಜ್ಯವನ್ನು ಮೂಲೆಗೆ ಸುರಿಯುವುದನ್ನು ನಿಲ್ಲಿಸಿದೆವು, ಅದರಿಂದ ಬೀದಿನಾಯಿಗಳ ಗುಂಪು ಚದುರಿತು. ಮುಸ್ಸಂಜೆಯ ನಡಿಗೆಯನ್ನು ಒಬ್ಬೊಬ್ಬರೇ ಮಾಡದೆ ಜೊತೆಯಾಗಿ ಮಾಡುತ್ತೇವೆ. ಚಿರತೆ ಈಗಲೂ ಬೆಟ್ಟದಲ್ಲಿದೆ. ನಮ್ಮ ಕ್ಯಾಮೆರಾದಲ್ಲಿ ಮತ್ತೆ ಕಾಣಿಸಿಲ್ಲ.

ನಿಮಗೆ ಆಗುಂಬೆ ಹತ್ತಿರ. ಹಾವುಗಳ ತಜ್ಞ ರಾಮ್ಯುಲಸ್ ವಿಟೇಕರ್ ಅವರು 2005ರಲ್ಲಿ ಸ್ಥಾಪಿಸಿದ ಮಳೆಕಾಡು ಸಂಶೋಧನಾ ಕೇಂದ್ರ ಅಲ್ಲಿದೆ, ಕಾಳಿಂಗಗಳ ದೇಹದಲ್ಲಿ ರೇಡಿಯೊ ಉಪಕರಣವಿಟ್ಟು ಅವುಗಳ ಜಾಡು ಹಿಡಿದವರು ಅವರು. ಮೊದಲು ಅರಣ್ಯ ಇಲಾಖೆಗೆ ತಿಳಿಸಿ, ಅವರ ಮೂಲಕ ಬಲ್ಲವರನ್ನು ಕರೆಸಿಕೊಳ್ಳಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಬೇಟೆ ಎಂಬ ಪದಕ್ಕೆ ಕೊಟ್ಟಿರುವ ಅರ್ಥದಲ್ಲಿ ಸರೀಸೃಪಗಳ ಮೊಟ್ಟೆಗೆ ಹಾನಿ ಮಾಡುವುದೂ ಗೂಡನ್ನು ಕೆದಕುವುದೂ ಸೇರಿದೆ. ನೆರೆಯವರಿಗೆ ಇದನ್ನು ಸಮಾಧಾನದಿಂದ ತಿಳಿಸಿ ಹೇಳಿ.


ಉತ್ತರ: ಕಾಫಿ ಬೆಳೆಗಾರ್ತಿ, ಸಕಲೇಶಪುರ ತಾಲೂಕು

ಯಜಮಾನರು ತೀರಿಕೊಂಡ ಮೇಲೆ ತೋಟದ ಮನೆಯಲ್ಲಿ ನಾನೊಬ್ಬಳೇ ಇದ್ದೇನೆ. ನಮ್ಮಲ್ಲಿ ಆನೆ. ಹಲಸು ಹಣ್ಣಾಗುವ ಕಾಲಕ್ಕೆ ಅಂಗಳದವರೆಗೂ ಬರುತ್ತವೆ. ಕಾಳಿಂಗ ಗೂಡಿನಲ್ಲೇ ಇರುತ್ತದೆ, ಎಲ್ಲಿದೆಯೆಂದು ನಿಮಗೆ ಗೊತ್ತಿದೆ. ಆನೆ ಎಲ್ಲಿದೆಯೆಂದು ತಿಳಿಯದಿರುವುದೇ ನಮ್ಮ ಭಯ. ಆದ್ದರಿಂದ ಆನೆ ಕಾರ್ಯಪಡೆಯವರ ಸಂದೇಶ ಬಾರದೆ ಬೆಳಿಗ್ಗೆ ಆಳುಗಳನ್ನು ತೋಟಕ್ಕೆ ಬಿಡುವುದಿಲ್ಲ, ಹಲಸನ್ನು ಎಳೆಯದಾಗಿರುವಾಗಲೇ ಕೀಳಿಸುತ್ತೇನೆ. ಸಾಗರದ ಅಣ್ಣನವರು ಹೇಳಿದ್ದರಲ್ಲಿ ಒಂದು ಮಾತು ನಿಜ. ನಾವು ಮನೆಯೊಳಗಿರುತ್ತೇವೆ, ಕಾಡುಪ್ರಾಣಿಗೆ ಮೊದಲು ಎದುರಾಗುವವರು ಕೆಲಸಕ್ಕೆ ಬರುವವರು. ನೀವು ಏನು ತೀರ್ಮಾನ ಮಾಡಿದರೂ ಅವರನ್ನು ಕೂರಿಸಿಕೊಂಡು ಮಾಡಿ.


ಚರ್ಚೆ ಆರಂಭಿಸಿದವರು
(ಜೂನ್ ಮೊದಲ ವಾರ)

ಎಲ್ಲರಿಗೂ ಕೃತಜ್ಞತೆಗಳು. ಸಕಲೇಶಪುರದ ಅಕ್ಕನವರ ಮಾತು ನನ್ನನ್ನು ತಟ್ಟಿತು. ನನ್ನ ಮೊದಲ ಬರಹದಲ್ಲಿ ಕೊನೆಗೌಡರು ಬಾರದಿರುವುದನ್ನು ನನ್ನ ತೊಂದರೆಯಾಗಿ ಮಾತ್ರ ಬರೆದಿದ್ದೆ, ಅವರ ಪ್ರಾಣದ ಪ್ರಶ್ನೆಯಾಗಿ ಕಂಡಿರಲಿಲ್ಲ.

ಅರಣ್ಯ ಇಲಾಖೆಯವರು ಮತ್ತು ಹಾವುಗಳನ್ನು ಬಲ್ಲ ಇಬ್ಬರು ಯುವಕರು ಬಂದು, ದೂರದಿಂದಲೇ ಗೂಡನ್ನು ನೋಡಿದರು. ಕಾಳಿಂಗ ತಿನ್ನುವುದು ಹೆಚ್ಚಾಗಿ ಕೇರೆಯಂಥ ಬೇರೆ ಹಾವುಗಳನ್ನೇ ಎಂದೂ, ತಾಯಿಯನ್ನು ಎತ್ತಿದರೆ ಮೊಟ್ಟೆಗಳು ಕಾವಲಿಲ್ಲದಾಗುತ್ತವೆ ಎಂದೂ, ಗೂಡನ್ನು ಬಿಚ್ಚಿದರೆ ಅದರ ಬಿಸಿ ಮತ್ತು ತೇವದ ಹದ ತಪ್ಪುತ್ತದೆ ಎಂದೂ ವಿವರಿಸಿದರು. ಅಂಗಳದಲ್ಲಿ ಇಬ್ಬರು ಕೊನೆಗೌಡರು, ಆ ಹಿರಿಯ ಹೆಂಗಸು, ನೆರೆಯ ಮೂರು ಮನೆಯವರು ಎಲ್ಲರೂ ಕುಳಿತು ಎರಡು ಗಂಟೆ ಮಾತಾಡಿದೆವು. ಹಳೆಯ ಕಾಲುದಾರಿಗೆ ಮುಳ್ಳು ಬಡಿದು ಮುಚ್ಚಿ, ಕೆಳಗಿನ ಹಳ್ಳದ ಬದಿಯಿಂದ ಹೊಸ ದಾರಿ ಕಡಿಸಿದೆ. ಅದು ಸುತ್ತು ದಾರಿ, ದ್ರಾವಣದ ಕೊಡ ಹೊತ್ತು ನಡೆಯುವವರಿಗೆ ಹೆಚ್ಚಿನ ಶ್ರಮ, ಆದ್ದರಿಂದ ಕೂಲಿಯನ್ನೂ ಹೆಚ್ಚಿಸಿದ್ದೇನೆ. ಎಲ್ಲರಿಗೂ ಗಂಬೂಟು ತರಿಸಿದ್ದೇನೆ. ವೈದ್ಯರು ಹೇಳಿದಂತೆ ಉಣುಗಿನ ಎಣ್ಣೆಯನ್ನು ಆರೋಗ್ಯ ಕೇಂದ್ರದಿಂದ ತಂದು ಕೊಟ್ಟೆ. ಮೊದಲ ಔಷಧಿ ಸಮಯಕ್ಕೆ ಸರಿಯಾಗಿ ಮುಗಿಯಿತು.

ನಾನು ದಿನಕ್ಕೊಮ್ಮೆ, ಆಚೆಯ ದಿಬ್ಬದಿಂದ, ಮಗಳು ಕೊಟ್ಟ ದುರ್ಬೀನಿನಲ್ಲಿ ನೋಡುತ್ತೇನೆ. ರೋಹಿಣಿ ಮಳೆ ಜೋರಾಗಿ ಹೊಡೆದ ಎರಡು ದಿನವೂ ಅದು ಗೂಡಿನ ಮೇಲಿಂದ ಕದಲಲಿಲ್ಲ.


ಕೃಷಿಕ, ಸಾಗರ ತಾಲೂಕು

ಕೂಲಿ ಹೆಚ್ಚಿಸಿದ್ದನ್ನು ಓದಿ ಸಂತೋಷವಾಯಿತು. ಎಲ್ಲರಿಗೂ ಅದು ಸಾಧ್ಯವಾಗುವುದಿಲ್ಲ ಎಂಬುದನ್ನೂ ದಾಖಲಿಸುತ್ತೇನೆ. ಮರಿಗಳು ಹೊರಬಂದ ಮೇಲೆ ಏನು? ಇಪ್ಪತ್ತು ಮೂವತ್ತು ಕಾಳಿಂಗಗಳು ನಿಮ್ಮ ತೋಟದಲ್ಲೇ ಉಳಿಯುತ್ತವೆಯೇ?


ಚರ್ಚೆ ಆರಂಭಿಸಿದವರು
(ಜುಲೈ ಕೊನೆಯ ವಾರ)

ನಿಮ್ಮ ಪ್ರಶ್ನೆಯನ್ನೇ ನಾನೂ ಕೇಳಿದ್ದೆ. ಅವು ಒಟ್ಟಿಗೆ ಇರುವ ಜೀವಿಗಳಲ್ಲ, ಹುಟ್ಟಿದ ಕೆಲವೇ ದಿನಗಳಲ್ಲಿ ತಮ್ಮ ತಮ್ಮ ದಾರಿ ಹಿಡಿಯುತ್ತವೆ, ಅವುಗಳಲ್ಲಿ ದೊಡ್ಡದಾಗುವವರೆಗೆ ಉಳಿಯುವುದು ಕೆಲವೇ ಎಂದು ಬಂದವರು ಹೇಳಿದರು. ಆದರೂ ದಾರಿ ಹತ್ತಿರವಿದ್ದುದರಿಂದ, ಮೊಟ್ಟೆಯೊಡೆಯುವ ಅಂದಾಜಿಗೆ ವಾರ ಮುಂಚೆ ಗೂಡಿನ ಸುತ್ತ ಸಣ್ಣ ಕಣ್ಣಿನ ಬಲೆ ಕಟ್ಟಿದರು. ಅಷ್ಟರಲ್ಲಿ ತಾಯಿ ಹೋಗಿಯಾಗಿತ್ತು. ಆರಿದ್ರಾ ಮಳೆ ಹೊಯ್ಯುತ್ತಿದ್ದ ಒಂದು ಬೆಳಿಗ್ಗೆ ದುರ್ಬೀನಿನಲ್ಲಿ ನೋಡಿದಾಗ ಗೂಡಿನ ಮೇಲೆ ಬರಿಯ ಎಲೆಗಳಿದ್ದವು. ಎರಡು ತಿಂಗಳು ದಿನವೂ ಕಂಡದ್ದು ಕಾಣದಾದಾಗ ಮನಸ್ಸಿಗೆ ಏನೋ ಕಳೆದಂತಾಯಿತು. ನನ್ನ ಪತ್ನಿ ಅಂದು ಮಧ್ಯಾಹ್ನ ತಾನೂ ಛತ್ರಿ ಹಿಡಿದು ದಿಬ್ಬಕ್ಕೆ ಬಂದು ನೋಡಿಕೊಂಡು ಹೋದಳು.

ಪುನರ್ವಸು ಮುಗಿಯುವ ಹೊತ್ತಿಗೆ ಮರಿಗಳು ಹೊರಬಂದವು. ಒಂದೂವರೆ ಅಡಿಯ ಕಪ್ಪು ಮೈ, ಅದರ ಮೇಲೆ ಬಿಳಿಹಳದಿ ಪಟ್ಟೆಗಳು. ಹುಟ್ಟಿದ ದಿನವೇ ಹೆಡೆ ಎತ್ತುತ್ತಿದ್ದವು. ವಿಷವೂ ಹುಟ್ಟಿನಿಂದಲೇ ಇರುತ್ತದೆಂದು ನಮ್ಮನ್ನು ಯಾರನ್ನೂ ಬಲೆಯ ಹತ್ತಿರ ಬಿಡಲಿಲ್ಲ. 26 ಮೊಟ್ಟೆಗಳಲ್ಲಿ 22 ಒಡೆದಿದ್ದವು. ಇಲಾಖೆಯವರು ಮರಿಗಳನ್ನು ಬೆಟ್ಟದ ಮೇಲ್ಬದಿಯ ಕಾಡಿನಲ್ಲಿ, ಅದೇ ಹಳ್ಳದ ತಲೆಯಲ್ಲಿ, ಅಲ್ಲಲ್ಲಿ ಬಿಟ್ಟುಬಂದರು. ಹಿರಿಯ ಹೆಂಗಸು ಅಂದು ಮನೆಯಿಂದ ಹಾಲು ತಂದಿದ್ದಳು. ಹಾವು ಹಾಲು ಕುಡಿಯುವುದಿಲ್ಲವೆಂದು ಯುವಕರು ಹೇಳಿದಾಗ, ಹಾಗಾದರೆ ಇವರಿಗಾಗಲಿ ಎಂದು ಅದನ್ನೇ ಕಾಯಿಸಿ ಬಂದವರಿಗೆಲ್ಲ ಕಾಫಿ ಮಾಡಿಕೊಟ್ಟಳು.

ಆ ಮೆಳೆಯ ಸುತ್ತ ಹತ್ತು ಮಾರು ಜಾಗದಲ್ಲಿ ಇನ್ನು ಮುಂದೆ ದರಗು ಗುಡಿಸುವುದಿಲ್ಲವೆಂದು ತೀರ್ಮಾನಿಸಿದ್ದೇವೆ. ಬರುವ ವರ್ಷ ಗೂಡು ಕಟ್ಟುವುದಾದರೆ ಅದಕ್ಕೆ ಎಲೆ ಬೇಕಲ್ಲ. ಕೊಟ್ಟಿಗೆಗೆ ಮಾತ್ರ ದರಗು ಸ್ವಲ್ಪ ಕಡಿಮೆ ಬೀಳುತ್ತದೆ.


ಕೃಷಿಕ, ಸಾಗರ ತಾಲೂಕು

ಮಂಗ ಮತ್ತು ಹಂದಿಯ ವಿಷಯದಲ್ಲಿ ನನ್ನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ, ಅದಕ್ಕೆ ಬೇರೆಯೇ ಚರ್ಚೆ ಆಗಬೇಕು. ನಿಮ್ಮ ಗೂಡಿನ ವಿಷಯದಲ್ಲಿ ನಾನು ಹೇಳಿದ ಸಾಗಾಟ ಬೇಕಾಗಲಿಲ್ಲ ಎಂಬುದನ್ನು ಒಪ್ಪುತ್ತೇನೆ. ನಮ್ಮ ಬೆಟ್ಟದಲ್ಲಿ ದರಗು ಬೇಕಾದಷ್ಟಿದೆ. ಮಾಘ ಮಾಸದಲ್ಲಿ ಒಂದು ಗಾಡಿ ಕಳಿಸಿ, ಇಪ್ಪತ್ತು ಹೆಡಿಗೆ ತುಂಬಿಸಿ ಕಳಿಸುತ್ತೇನೆ. ತುಂಬುವವರಿಗೆ ಆ ಎಣ್ಣೆಯನ್ನೂ ಕೊಟ್ಟು ಕಳಿಸಿ, ನಮ್ಮ ಕೇಂದ್ರದಲ್ಲಿ ಹೋದ ವರ್ಷ ತೀರಿಹೋಗಿತ್ತು.